ಲೈಸೆನ್ಸ್ ಬೇಡದ ವಿದ್ಯುತ್ ಸ್ಕೂಟರ್: ಕೊಳ್ಳುವ ಮೊದಲು ವರ್ಗ ತಿಳಿದುಕೊಳ್ಳಿ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಮಗಳಿಗೆ 16 ವರ್ಷ, ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಕಾಲೇಜು ಆರು ಕಿಲೋಮೀಟರ್ ದೂರ, ದಾರಿಯಲ್ಲಿ ಎರಡು ಏರುಗಳಿವೆ. ಅವಳಿಗೊಂದು ವಿದ್ಯುತ್ ಸ್ಕೂಟರ್ ನೋಡಲು ಹೋದಾಗ ಅಂಗಡಿಯವರು, ‘ಇದಕ್ಕೆ ಲೈಸೆನ್ಸ್ ಬೇಡ, ನಂಬರ್ ಬೇಡ, ಇನ್ಶೂರೆನ್ಸ್ ಬೇಡ, ವೇಗ ಸಾಲದಿದ್ದರೆ ಒಂದು ವೈರ್ ಬಿಡಿಸಿ 45ರವರೆಗೂ ಓಡುವಂತೆ ಮಾಡಿಕೊಡುತ್ತೇವೆ’ ಎಂದರು. ಯೂಟ್ಯೂಬ್‌ನಲ್ಲಿ ನೋಡಿದರೆ ಕ್ಲಾಸ್ 1, ಕ್ಲಾಸ್ 2, ಕ್ಲಾಸ್ 3 ಎಂದು ಏನೇನೋ ಹೇಳುತ್ತಾರೆ. ಮನೆಯಲ್ಲಿ ತೋಟಕ್ಕೆ ಓಡಾಡುವ ಎಪ್ಪತ್ತು ದಾಟಿದ ತಂದೆಯವರೂ ಇದ್ದಾರೆ. ನಾವು ಯಾವ ಬಗೆಯದನ್ನು ಕೊಳ್ಳಬೇಕು?

ಉತ್ತರ: ಅಂಗಡಿಯವರ ಮಾತಿನ ಮೊದಲರ್ಧ ಸರಿಯಿರಬಹುದು, ಎರಡನೆಯ ಅರ್ಧ ನಿಜವಾದ ಕ್ಷಣದಲ್ಲಿ ಮೊದಲರ್ಧ ಸುಳ್ಳಾಗುತ್ತದೆ. ಲೈಸೆನ್ಸ್ ಬೇಡವೆನ್ನುವ ವಿನಾಯಿತಿ ನಿಂತಿರುವುದೇ ಆ ವಾಹನ 25 ಕಿಲೋಮೀಟರ್ ವೇಗ ಮುಟ್ಟುವುದಿಲ್ಲ ಎಂಬ ಷರತ್ತಿನ ಮೇಲೆ. ಹೀಗಾಗಿ ವೈರ್ ಬಿಡಿಸುವ ವಿಷಯವನ್ನು ಇಲ್ಲಿಗೇ ಬಿಟ್ಟುಬಿಡಿ. ಏಕೆಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಬ್ಯಾಟರಿಯಿಂದ ಓಡುವ ದ್ವಿಚಕ್ರ ವಾಹನ ಕಾನೂನಿನ ಕಣ್ಣಿಗೆ ‘ಮೋಟಾರು ವಾಹನ’ವೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಎಂಬ ಉಪನಿಯಮ. ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್, ಅಂದರೆ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿಯ ತೂಕ ಬಿಟ್ಟು ಖಾಲಿ ವಾಹನದ ತೂಕ 60 ಕಿಲೋ ಮೀರಬಾರದು. ತಕ್ಕ ಬ್ರೇಕುಗಳಿದ್ದು, ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇಷ್ಟೂ ಷರತ್ತುಗಳು ಪೂರೈಸಿವೆ ಎಂದು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯೊಂದು, ಉದಾಹರಣೆಗೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್, ಆ ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಬೇಕು. ಜನ ಮರೆಯುವುದು ಈ ಕೊನೆಯ ಮಾತನ್ನೇ. ವಿನಾಯಿತಿ ಕೊಡುವ ಅಧಿಕಾರ ಅಂಗಡಿಯವರಿಗೂ ಇಲ್ಲ, ಪೆಟ್ಟಿಗೆಯ ಮೇಲೆ ‘250 ವ್ಯಾಟ್’ ಎಂದು ಅಚ್ಚು ಹಾಕಿದ ಕಂಪನಿಗೂ ಇಲ್ಲ. ಪ್ರಮಾಣಪತ್ರವಿಲ್ಲದ ಸ್ಕೂಟರ್ ಎಷ್ಟೇ ನಿಧಾನವಾಗಿ ಓಡಿದರೂ ಅದಕ್ಕೆ ಈ ವಿನಾಯಿತಿ ಸಲ್ಲುವುದಿಲ್ಲ.

ಇದೇ ಉಪನಿಯಮದಲ್ಲಿ ಪೆಡಲ್ ಇರುವ ವಿದ್ಯುತ್ ಸೈಕಲ್ಲಿಗೂ ಜಾಗವಿದೆ. ಅದರ ಮೋಟಾರೂ 250 ವ್ಯಾಟ್‌ಗಿಂತ ಕಡಿಮೆ ಇರಬೇಕು; ವೇಗ ಏರಿದಂತೆ ಮೋಟಾರಿನ ನೆರವು ಕ್ರಮೇಣ ತಗ್ಗುತ್ತ ಬಂದು 25 ಕಿಲೋಮೀಟರಿನ ಹೊತ್ತಿಗೆ ಪೂರ್ತಿ ನಿಲ್ಲಬೇಕು; ಸವಾರ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೆ ಅದಕ್ಕೂ ಮೊದಲೇ ನಿಲ್ಲಬೇಕು. ನಮ್ಮಲ್ಲಿ ಮಾರಾಟವಾಗುವ ಅನೇಕ ವಿದ್ಯುತ್ ಸೈಕಲ್ಲುಗಳಲ್ಲಿ ಪೆಡಲ್ ಜೊತೆಗೆ ಕೈಯಲ್ಲಿ ತಿರುಗಿಸುವ ಎಕ್ಸಲರೇಟರ್ ಕೂಡ ಇರುತ್ತದೆ. ಅಂಥ ಸೈಕಲ್ ತುಳಿಯದೆಯೂ ಓಡುವುದರಿಂದ, ಅದನ್ನು ಪರೀಕ್ಷಾ ಸಂಸ್ಥೆ ಯಾವ ಷರತ್ತಿನಡಿ ಒಪ್ಪಿದೆ ಎಂಬುದನ್ನು ಪ್ರಮಾಣಪತ್ರದಲ್ಲೇ ಓದಿ ನೋಡಿ.

ಈ ಗೆರೆಯಿಂದಾಚೆಗಿನದ್ದೆಲ್ಲ ಮೋಟಾರು ವಾಹನ. ಅದರೊಳಗೆ ಎಲ್1, ಎಲ್2 ಎಂಬ ಎರಡು ವರ್ಗಗಳಿವೆ. ಎಲ್1ರ ಗರಿಷ್ಠ ವೇಗ 45 ಕಿಲೋಮೀಟರಿಗೆ ಸೀಮಿತ. ಎಲ್1ಕ್ಕೆ ಸೇರದ ವಿದ್ಯುತ್ ಸ್ಕೂಟರ್, ಮೋಟಾರ್‌ಸೈಕಲ್‌ಗಳೆಲ್ಲ ಎಲ್2. ಏಥರ್ 450, ಟಿವಿಎಸ್ ಐಕ್ಯೂಬ್‌ನಂಥ ಪೂರ್ಣವೇಗದ ಸ್ಕೂಟರುಗಳೂ, ಬೆಂಗಳೂರಿನ ಅಲ್ಟ್ರಾವಯೊಲೆಟ್‌ನ ಎಫ್77ರಂಥ ಬೈಕುಗಳೂ ಎಲ್2ರಲ್ಲಿ ಬರುತ್ತವೆ. ಕೊಳ್ಳುವವರಿಗೆ ಈ ಎರಡರ ನಡುವಿನ ವ್ಯತ್ಯಾಸಕ್ಕಿಂತ ಹೋಲಿಕೆಯೇ ಮುಖ್ಯ: ಎರಡಕ್ಕೂ ನೋಂದಣಿ, ಹಸಿರು ನಂಬರ್ ಪ್ಲೇಟ್, ವಿಮೆ, ಲೈಸೆನ್ಸ್, ಹೆಲ್ಮೆಟ್ ಎಲ್ಲವೂ ಕಡ್ಡಾಯ. ‘45ರಲ್ಲಿ ಓಡುವ ಸಣ್ಣ ಗಾಡಿ, ಅದಕ್ಕೇನೂ ಬೇಡ’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ, ಅದು ತಪ್ಪು.

ನೀವು ವಿಡಿಯೊಗಳಲ್ಲಿ ಕಂಡ ಕ್ಲಾಸ್ 1, 2, 3 ಅಮೆರಿಕದ ಲೆಕ್ಕ. ಕ್ಯಾಲಿಫೋರ್ನಿಯಾ 2015ರಲ್ಲಿ ಇದನ್ನು ಕಾನೂನಿಗೆ ತಂದಿತು, ಬಳಿಕ ಅನೇಕ ರಾಜ್ಯಗಳು ಅದನ್ನೇ ಅನುಸರಿಸಿದವು. ಅಲ್ಲಿ ತುಳಿದಾಗ ಮಾತ್ರ ನೆರವಾಗಿ ಗಂಟೆಗೆ 20 ಮೈಲಿಗೆ ನಿಲ್ಲುವುದು ಕ್ಲಾಸ್ 1, ಎಕ್ಸಲರೇಟರಿನಿಂದಲೂ ಓಡಿ ಅಷ್ಟೇ ವೇಗಕ್ಕೆ ನಿಲ್ಲುವುದು ಕ್ಲಾಸ್ 2, ತುಳಿದಾಗ 28 ಮೈಲಿಯವರೆಗೆ ನೆರವಾಗುವುದು ಕ್ಲಾಸ್ 3. ಮೋಟಾರಿಗೆ 750 ವ್ಯಾಟ್‌ವರೆಗೆ ಅವಕಾಶವಿದೆ. 20 ಮೈಲಿ ಎಂದರೆ ನಮ್ಮ 32 ಕಿಲೋಮೀಟರ್. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ಸೈಕಲ್ ಎನಿಸಿಕೊಂಡದ್ದು ಸಾಗರದ ರಸ್ತೆಗೆ ಬಂದರೆ ನೋಂದಣಿಯಿಲ್ಲದ ಮೋಟಾರು ವಾಹನವಾಗುತ್ತದೆ. ನಮ್ಮ ನಿಯಮ ಹೆಚ್ಚು ಹೋಲುವುದು ಯುರೋಪಿನ 250 ವ್ಯಾಟ್, 25 ಕಿಲೋಮೀಟರಿನ ಮಿತಿಯನ್ನು. ಆನ್‌ಲೈನ್‌ನಲ್ಲಿ ಸಿಗುವ 350 ಅಥವಾ 500 ವ್ಯಾಟಿನ ಮೋಟಾರ್ ಕಿಟ್ಟನ್ನು ಮನೆಯ ಹಳೆಯ ಸೈಕಲ್ಲಿಗೆ ಕೂಡಿಸಿಕೊಳ್ಳುವವರಿಗೂ ಇದೇ ಮಾತು.

ಈಗ ಮೂವತ್ತು ನಿಮಿಷಗಳ ಶಕ್ತಿ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ದಾರಿಯ ಎರಡು ಏರುಗಳಿಗೆ ಉತ್ತರ ಇರುವುದು ಅದರಲ್ಲೇ. ಮೋಟಾರು ಅತಿಯಾಗಿ ಬಿಸಿಯಾಗದೆ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ ಇದು. ಕೆಲವು ನಿಮಿಷಗಳ ಮಟ್ಟಿಗೆ ಅದೇ ಮೋಟಾರು ಇದಕ್ಕಿಂತ ಹೆಚ್ಚು ಎಳೆಯಬಲ್ಲದು. ಆ ಹೆಚ್ಚಿನ ಅಂಕಿಯನ್ನೇ ಜಾಹೀರಾತಿನಲ್ಲಿ ‘ಪೀಕ್ ಪವರ್’ ಎಂದು ದಪ್ಪಕ್ಷರದಲ್ಲಿ ಹಾಕುವುದರಿಂದ ಕೊಳ್ಳುವವರು ಗೊಂದಲಕ್ಕೆ ಬೀಳುತ್ತಾರೆ. ವರ್ಗ ನಿರ್ಧಾರಕ್ಕೆ ಲೆಕ್ಕಕ್ಕೆ ಬರುವುದು ಸತತ ಶಕ್ತಿಯೇ.

ಒಂದು ಲೆಕ್ಕ ಮಾಡೋಣ. ಸ್ಕೂಟರ್, ಅದರ ಬ್ಯಾಟರಿ, ಒಬ್ಬ ಸವಾರ ಸೇರಿ 150 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ, ಅಂದರೆ ಮಲೆನಾಡಿನವರು ಏರೆಂದು ಪರಿಗಣಿಸದ ರಸ್ತೆಯಲ್ಲಿ, ಈ ತೂಕವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೇಲೆತ್ತಲು ಏರಿಗಾಗಿಯೇ ಸುಮಾರು 510 ವ್ಯಾಟ್ ಬೇಕು. ಟೈರಿನ ಎಳೆತ, ಗಾಳಿಯ ತಡೆ ಇದರ ಮೇಲೆ. ಹಾಗಾಗಿ 250 ವ್ಯಾಟಿನ ಸತತ ಶಕ್ತಿಯಲ್ಲಿ ಆ ಏರನ್ನು ಗಂಟೆಗೆ 12 ಕಿಲೋಮೀಟರಿಗಿಂತ ವೇಗವಾಗಿ ಹತ್ತಲು ಸಾಧ್ಯವೇ ಇಲ್ಲ. ನಷ್ಟಗಳನ್ನೆಲ್ಲ ಕಳೆದರೆ ಎಂಟು ಕಿಲೋಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಏರು ಇನ್ನೂರು ಮುನ್ನೂರು ಮೀಟರಿನಷ್ಟು ಚಿಕ್ಕದಾಗಿದ್ದರೆ ಮೋಟಾರಿನ ಕ್ಷಣಿಕ ಶಕ್ತಿಯಿಂದ ಹೇಗೋ ದಾಟಿಕೊಳ್ಳಬಹುದು. ಹಿಂದೆ ಇನ್ನೊಬ್ಬರು ಕುಳಿತರೆ, ಅಥವಾ ಏರು ಒಂದೆರಡು ಕಿಲೋಮೀಟರ್ ಉದ್ದವಿದ್ದರೆ, ಮೋಟಾರೂ, ಅದಕ್ಕೆ ಹರಿಯುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಕಂಟ್ರೋಲರೂ ಬಿಸಿಯಾಗುತ್ತವೆ, ಕೊನೆಗೆ ಕಂಟ್ರೋಲರ್ ತಾನೇ ಶಕ್ತಿಯನ್ನು ಕಡಿತ ಮಾಡುತ್ತದೆ. ಇದೇ ಲೆಕ್ಕ ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ. ‘ಕಡಿಮೆ ವೇಗದ್ದು’ ಎಂದು ಮಾರುವ ಸ್ಕೂಟರ್ ಇಬ್ಬರನ್ನು ಕೂರಿಸಿಕೊಂಡು ಉದ್ದದ ಏರನ್ನು 25ರಲ್ಲಿ ಸರಾಗವಾಗಿ ಹತ್ತಿತೆಂದರೆ ಅದರ ಮೋಟಾರು 250 ವ್ಯಾಟಿನದಾಗಿರಲು ಸಾಧ್ಯವಿಲ್ಲ. ಆಗ ಮೆಚ್ಚುವ ಬದಲು ಪ್ರಮಾಣಪತ್ರ ಕೇಳಿ.

ಬೆಂಗಳೂರಿನ ಬೀದಿಗಳಲ್ಲಿ ಕಾಣುವ, ಬಾಡಿಗೆಗೆ ಸಿಗುವ ಯುಲು ಗಾಡಿಗಳು ಈ ಕಡಿಮೆ ವೇಗದ ವರ್ಗದವೇ. ಅಲ್ಲಿನ ಹೆಚ್ಚುಕಡಿಮೆ ಸಪಾಟಾದ, ಸಿಗ್ನಲ್ಲುಗಳಲ್ಲಿ ನಿಂತು ಸಾಗುವ ರಸ್ತೆಗಳಿಗೆ 25 ಕಿಲೋಮೀಟರ್ ಸಾಕಾಗುತ್ತದೆ. ಅದನ್ನು ಕಂಡು ಮಲೆನಾಡಿನಲ್ಲಿ ಅಂಥದ್ದನ್ನೇ ಕೊಳ್ಳುವವರಿಗೆ ಮೊದಲ ವಾರದಲ್ಲೇ ಶಕ್ತಿ ಸಾಲದೆನಿಸುತ್ತದೆ, ವೈರ್ ಬಿಡಿಸುವ ಆಸೆ ಹುಟ್ಟುವುದೂ ಆಗಲೇ.

ಆ ವೈರ್ ಮಾಡುವುದಿಷ್ಟೇ. ಕಂಟ್ರೋಲರಿನಿಂದ ಹೊರಬಂದಿರುವ ಎರಡು ಸಣ್ಣ ತಂತಿಗಳ ಕೊಂಡಿ ಜೋಡಿಕೊಂಡಿರುವವರೆಗೆ ಮೋಟಾರಿನ ವೇಗಕ್ಕೆ ಕಡಿವಾಣವಿರುತ್ತದೆ. ಕೊಂಡಿ ಬಿಡಿಸಿದರೆ, ಕೆಲವು ಮಾದರಿಗಳಲ್ಲಿ ಒಂದು ಗುಂಡಿ ಒತ್ತಿ ಹಿಡಿದರೆ ಅಥವಾ ಡಿಸ್‌ಪ್ಲೇಯ ಒಂದು ಸೆಟ್ಟಿಂಗ್ ಬದಲಿಸಿದರೆ, ಕಡಿವಾಣ ಕಳಚುತ್ತದೆ. ಹಾಗೆ ಕಳಚಿದೊಡನೆ 45ರಲ್ಲಿ ಓಡುವ ಮೋಟಾರು ಮೊದಲಿನಿಂದಲೂ 250 ವ್ಯಾಟಿನದಾಗಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ. ಬ್ರೇಕು, ಚೌಕಟ್ಟು, ಟೈರುಗಳೆಲ್ಲ 25ರ ವೇಗಕ್ಕೆ ಲೆಕ್ಕ ಹಾಕಿ ಜೋಡಿಸಿದವು. ವೇಗ 25ರಿಂದ 45ಕ್ಕೆ ಏರಿದರೆ ಬ್ರೇಕು ಹೀರಬೇಕಾದ ಚಲನಶಕ್ತಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಆಷಾಢದ ಮಳೆಯಲ್ಲಿ ಪಾಚಿ ಹಿಡಿದ ರಸ್ತೆಯಲ್ಲಿ ಇದರ ಅರ್ಥವೇನೆಂದು ನಿಮಗೆ ವಿವರಿಸಬೇಕಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಪರಿಣಾಮ ಇನ್ನೂ ಕಠಿಣ. ವೇಗ ಬದಲಿಸಿದ ಸ್ಕೂಟರ್ ಪ್ರಮಾಣಪತ್ರದ ರಕ್ಷಣೆ ಕಳೆದುಕೊಂಡು ನೋಂದಣಿ, ವಿಮೆ ಎರಡೂ ಇಲ್ಲದ ಮೋಟಾರು ವಾಹನವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 182-ಎ ಕಲಮು ಅನಧಿಕೃತವಾಗಿ ವಾಹನ ಮಾರ್ಪಡಿಸುವ ಮಾಲೀಕನಿಗೂ, ನಿಯಮ ಮೀರಿ ಮಾರುವ ಅಥವಾ ಮಾರ್ಪಡಿಸುವ ಡೀಲರಿಗೂ ಜೈಲು ಅಥವಾ ದಂಡ, ಇಲ್ಲವೇ ಎರಡರ ಶಿಕ್ಷೆಯನ್ನೂ ಹೇಳುತ್ತದೆ. ಸವಾರಿ ಮಾಡುವವರು ಅಪ್ರಾಪ್ತರಾದರೆ 2019ರ ತಿದ್ದುಪಡಿಯಲ್ಲಿ ಸೇರಿದ 199-ಎ ಕಲಮು ಅನ್ವಯವಾಗುತ್ತದೆ: ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರೆಂದು ಪರಿಗಣಿಸಿ, ಮೂರು ವರ್ಷದವರೆಗೆ ಜೈಲು ಮತ್ತು 25 ಸಾವಿರ ರೂಪಾಯಿ ದಂಡ ವಿಧಿಸಬಹುದು; ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇನ್ನು ಅಪಘಾತದಲ್ಲಿ ದಾರಿಹೋಕರೊಬ್ಬರಿಗೆ ಪೆಟ್ಟಾದರೆ, ವಿಮೆಯೇ ಇಲ್ಲದ ಕಾರಣ ಪರಿಹಾರದ ಹೊರೆ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ಮಹಾರಾಷ್ಟ್ರದ ಸಾರಿಗೆ ಇಲಾಖೆ 2022ರಲ್ಲೇ ಇಂಥ ಮಾರ್ಪಡಿಸಿದ ಗಾಡಿಗಳ ಮೇಲೆ ಕ್ರಮಕ್ಕೆ ಸೂಚಿಸಿತ್ತು; ‘ಯಾರು ಕೇಳುತ್ತಾರೆ’ ಎಂಬ ಅಂಗಡಿಯವರ ಧೈರ್ಯವನ್ನು ನಂಬಿ ಕೂರಬೇಡಿ.

16 ವರ್ಷದವರ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಕಾಯ್ದೆಯ 4ನೆಯ ಕಲಮಿನ ಪ್ರಕಾರ 16 ತುಂಬಿದವರು 50 ಸಿಸಿ ಮೀರದ ಎಂಜಿನ್ ಇರುವ ಮೋಟಾರ್‌ಸೈಕಲ್ಲಿಗೆ ಲೈಸೆನ್ಸ್ ಪಡೆಯಬಹುದು. ಇದು ಎಂಜಿನ್ನಿನ ಅಳತೆ. ನೋಂದಾಯಿತ ವಿದ್ಯುತ್ ಸ್ಕೂಟರಿಗೆ ಸಿಸಿಯೇ ಇಲ್ಲವಲ್ಲ ಎಂದು ವಾದ ಹೂಡಿ ಮಗಳ ಕೈಗೆ ಕೀಲಿ ಕೊಡುವುದು ಜಾಣತನವಲ್ಲ. ಅಂಥ ಸ್ಕೂಟರಿಗೆ 18 ತುಂಬಲಿ, ಗೇರಿಲ್ಲದ ದ್ವಿಚಕ್ರ ವಾಹನದ ಲೈಸೆನ್ಸ್ ಮಾಡಿಸಿ, ಆಮೇಲೆ ಕೊಡಿ.

ಹಾಗಾದರೆ ಅಲ್ಲಿಯವರೆಗೆ ಅವಳಿಗೆ ಏನು? ನನ್ನ ಸಲಹೆ, ಪೆಡಲ್ ನೆರವಿನ ವಿದ್ಯುತ್ ಸೈಕಲ್. ಸ್ಕೂಟರ್ ಕೇಳಿದವರಿಗೆ ಸೈಕಲ್ ತೋರಿಸಿದರೆ ಮುಖ ಸಪ್ಪಗಾಗುತ್ತದೆಂದು ಗೊತ್ತು. ಆದರೆ ಮೇಲಿನ ಲೆಕ್ಕವನ್ನೇ ಸೈಕಲ್ಲಿಗೆ ಹಾಕಿ ನೋಡಿ. ಸೈಕಲ್ ಸುಮಾರು 25 ಕಿಲೋ, ಸವಾರಳು 50 ಕಿಲೋ ಎಂದರೆ ಒಟ್ಟು ತೂಕ ಸ್ಕೂಟರಿನ ಅರ್ಧ. ಮೋಟಾರಿನ ಶಕ್ತಿ ಅಷ್ಟೇ, ಜೊತೆಗೆ ಆರಾಮವಾಗಿ ತುಳಿಯುವ ಕಾಲುಗಳಿಂದ 70–80 ವ್ಯಾಟ್ ಸೇರುತ್ತದೆ. ಅದೇ ಐದು ಶೇಕಡ ಏರನ್ನು ಅದು ಗಂಟೆಗೆ 20 ಕಿಲೋಮೀಟರಿನ ಸಮೀಪದ ವೇಗದಲ್ಲಿ ಹತ್ತಬಲ್ಲದು. ಕಡಿಮೆ ವೇಗದ ಸ್ಕೂಟರ್ ತೆವಳುವ ಜಾಗದಲ್ಲಿ ವಿದ್ಯುತ್ ಸೈಕಲ್ ಅದನ್ನು ಹಿಂದೆ ಹಾಕುತ್ತದೆ. ಇದು ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ. ಹೋಗಿಬರುವ 12 ಕಿಲೋಮೀಟರಿಗೆ, ಕಿಲೋಮೀಟರಿಗೆ 10–12 ವ್ಯಾಟ್‌ಅವರ್ (ಬ್ಯಾಟರಿಯಲ್ಲಿರುವ ವಿದ್ಯುತ್ತಿನ ಅಳತೆ) ಲೆಕ್ಕದಲ್ಲಿ, 150 ವ್ಯಾಟ್‌ಅವರ್‌ನೊಳಗೆ ಮುಗಿಯುತ್ತದೆ. 36 ವೋಲ್ಟ್, 10 ಆಂಪ್‌ಅವರ್ ಬ್ಯಾಟರಿಯಲ್ಲಿ 360 ವ್ಯಾಟ್‌ಅವರ್ ಇರುವುದರಿಂದ, ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋದರೂ ಮಾರನೆಯ ದಿನ ಕಾಲೇಜು ತಪ್ಪುವುದಿಲ್ಲ. ಬ್ಯಾಟರಿ ಕಳಚಿ ಒಳಗೆ ಒಯ್ಯಲು ಬರುವಂಥದ್ದನ್ನೂ, ಮುಂದೆ ಹಿಂದೆ ಎರಡೂ ಕಡೆ ಡಿಸ್ಕ್ ಬ್ರೇಕ್ ಇರುವಂಥದ್ದನ್ನೂ ಆರಿಸಿ. ಮಡ್‌ಗಾರ್ಡ್ ಅನೇಕ ಮಾದರಿಗಳಲ್ಲಿ ಜೊತೆಗೆ ಬರುವುದಿಲ್ಲ, ಮೊದಲೇ ಕೇಳಿ ಹಾಕಿಸಿಕೊಳ್ಳಿ. ಹೆಲ್ಮೆಟ್ ಕಾನೂನಿನ ಪ್ರಕಾರ ಬೇಡದಿದ್ದರೂ ಹಾಕಿಸಲೇಬೇಕು.

ತಂದೆಯವರ ವಿಷಯ ಬೇರೆ. ತೋಟದ ದಾರಿ ಹೆಚ್ಚು ಏರಿಳಿತವಿಲ್ಲದೆ, ಅವರೊಬ್ಬರೇ ಓಡಾಡುವುದಾದರೆ, ಪ್ರಮಾಣಪತ್ರವಿರುವ ಕಡಿಮೆ ವೇಗದ ಸ್ಕೂಟರ್ ಅವರಿಗೆ ಹೊಂದುತ್ತದೆ. ಆದರೆ ಅದರಲ್ಲಿ ಬ್ಯಾಟರಿಯ ಜಾತಿ ನೋಡಿ ಕೊಳ್ಳಿ. ಕಡಿಮೆ ಬೆಲೆಯ ಮಾದರಿಗಳಲ್ಲಿ ಇನ್ನೂ ಲೆಡ್ ಆಸಿಡ್ ಬ್ಯಾಟರಿಗಳು ಬರುತ್ತವೆ; ಅವು ಭಾರ, ಪೂರ್ತಿ ಖಾಲಿ ಮಾಡುತ್ತ ಹೋದರೆ ಬೇಗ ಸೋಲುತ್ತವೆ, ಒಂದೆರಡು ವರ್ಷದಲ್ಲೇ ಬದಲಿಸುವ ಖರ್ಚು ಎದುರಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಮೊದಲು ಹೆಚ್ಚು ಕೊಟ್ಟರೂ ಬಾಳಿಕೆಯಲ್ಲಿ ಅದು ಮೇಲು. ವೋಲ್ಟನ್ನು ಆಂಪ್‌ಅವರ್‌ನಿಂದ ಗುಣಿಸಿದರೆ ವ್ಯಾಟ್‌ಅವರ್ ಸಿಗುತ್ತದೆ. 48 ವೋಲ್ಟ್, 30 ಆಂಪ್‌ಅವರ್ ಎಂದರೆ 1,440. ಅದನ್ನು ಕಿಲೋಮೀಟರಿಗೆ 25ರಂತೆ ಭಾಗಿಸಿದರೆ ಐವತ್ತೇಳು ಕಿಲೋಮೀಟರ್. ಅಂಗಡಿಯವರು ಇದೇ ಬ್ಯಾಟರಿಗೆ ನೂರು ಕಿಲೋಮೀಟರ್ ಎಂದರೆ ಸುಮ್ಮನೆ ಕೇಳಿಸಿಕೊಳ್ಳಿ.

ಇಡೀ ಮನೆಗೆ ಒಂದೇ ಗಾಡಿ ಸಾಕು, ಓಡಿಸುವವರು ಲೈಸೆನ್ಸ್ ಇರುವ ನೀವು, ಮಗಳು ಹಿಂದೆ ಕೂರುತ್ತಾಳೆ ಎಂದಾದರೆ ನೋಂದಾಯಿತ ಎಲ್2 ಸ್ಕೂಟರೇ ಸರಿ. ನಿಮ್ಮ ಏರುಗಳನ್ನು ಅದು ಲೆಕ್ಕಕ್ಕಿಡುವುದಿಲ್ಲ. ಖರ್ಚಿನಲ್ಲಿ ಕೆಲವು ರಿಯಾಯಿತಿಗಳೂ ಇವೆ: ಬ್ಯಾಟರಿ ವಾಹನಗಳ ನೋಂದಣಿ ಪ್ರಮಾಣಪತ್ರದ ಶುಲ್ಕವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಮನ್ನಾ ಮಾಡಿತು, ಹೊಗೆ ತಪಾಸಣೆಯ ಚೀಟಿಯೂ ಬೇಡ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ವಿದ್ಯುತ್ ಗಾಡಿಗಳಲ್ಲಿ ಅದರ ಕಂತು ಮೋಟಾರಿನ ಕಿಲೋವ್ಯಾಟ್ ಮೇಲೆ ನಿಂತಿದೆ, 3 ಕಿಲೋವ್ಯಾಟ್‌ವರೆಗೆ ಒಂದು ದರ, 3ರಿಂದ 7ರವರೆಗೆ ಇನ್ನೊಂದು, ಹೀಗೆ. ರಾಜ್ಯದ ತೆರಿಗೆ ಮತ್ತು ಕೇಂದ್ರದ ಸಬ್ಸಿಡಿ ಆಗಾಗ ಬದಲಾಗುತ್ತವೆ. ಕೊಳ್ಳುವ ದಿನದ ಆನ್-ರೋಡ್ ಬೆಲೆಯ ಬಿಡಿ ಲೆಕ್ಕವನ್ನೇ ಕೇಳಿ ಪಡೆಯಿರಿ. ವಿದ್ಯುತ್ ವಾಹನಗಳಿಗೆ ಕೇಂದ್ರ ನಡೆಸಿದ್ದ ಫೇಮ್-2 ಯೋಜನೆಯ ಸಬ್ಸಿಡಿ ನೋಂದಾಯಿತ ವಾಹನಗಳಿಗೆ ಮಾತ್ರ ಇತ್ತು. ಹೀಗಾಗಿ ನಂಬರ್ ಬೇಡದ ಸ್ಕೂಟರಿಗೆ ‘ಕೇಂದ್ರದ ಸಬ್ಸಿಡಿ ಕಳೆದ ಬೆಲೆ’ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಹೊರನಡೆಯುವುದು ಒಳ್ಳೆಯದು.

ಬ್ಯಾಟರಿಯ ಸುರಕ್ಷತೆಯ ದೃಷ್ಟಿಯಿಂದಲೂ ನೋಂದಾಯಿತ ವರ್ಗಕ್ಕೆ ಒಂದು ಮೇಲುಗೈಯಿದೆ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ನೋಂದಾಯಿತ ವಿದ್ಯುತ್ ದ್ವಿಚಕ್ರ ವಾಹನಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, ಅದೇ ಡಿಸೆಂಬರಿನಿಂದ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದರು. ಹಳೆಯ ದಾಸ್ತಾನಿನ ಅಥವಾ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ತಯಾರಾದ ತಿಂಗಳನ್ನು ಗಮನಿಸಬೇಕಾದದ್ದು ಇದೇ ಕಾರಣಕ್ಕೆ.

ಅಂಗಡಿಗೆ ಮತ್ತೆ ಹೋದಾಗ ಮಾತಿಗಿಂತ ಕಾಗದ ಕೇಳಿ. ಸೈಕಲ್ ಅಥವಾ ಕಡಿಮೆ ವೇಗದ ಸ್ಕೂಟರ್ ಆದರೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿ. ಅದರಲ್ಲಿರುವ ಮಾದರಿಯ ಹೆಸರು ನಿಮಗೆ ಕೊಡುವ ಗಾಡಿಯ ಹೆಸರಿನೊಂದಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಹೆಸರಿನ ಕೊನೆಯಲ್ಲಿ ‘ಪ್ಲಸ್’ ಅಥವಾ ‘ಪ್ರೊ’ ಸೇರಿಕೊಂಡಿದ್ದರೆ ಅದು ಬೇರೆ ಮಾದರಿಯೆಂದೇ ತಿಳಿಯಿರಿ. ನೋಂದಾಯಿತ ಸ್ಕೂಟರ್ ಆದರೆ ಮಾರಾಟ ಪತ್ರವಾದ ಫಾರಂ 21 ಮತ್ತು ತಯಾರಕರು ಕೊಡುವ ಫಾರಂ 22 ಎರಡೂ ಇರಬೇಕು. ನಂಬರ್ ಬರುವ ಮೊದಲು ಗಾಡಿಯನ್ನು ಮನೆಗೆ ತರಬೇಡಿ. ಯಾವ ವರ್ಗದ್ದಾದರೂ ಬಿಲ್ಲಿನಲ್ಲಿ ಮೋಟಾರಿನ ಸಂಖ್ಯೆ, ಚಾಸಿಸ್ ಸಂಖ್ಯೆ, ಬ್ಯಾಟರಿಯ ಸಂಖ್ಯೆ ಮೂರೂ ಬರೆಸಿಕೊಳ್ಳಿ. ಕಂಟ್ರೋಲರಿನ ಕೊಂಡಿಯನ್ನು ಬಿಡಿಸಿಲ್ಲವೆಂಬುದನ್ನು ಅಂಗಡಿಯವರ ಎದುರಿಗೇ ಒಮ್ಮೆ ಓಡಿಸಿ ನೋಡಿ ಖಚಿತಪಡಿಸಿಕೊಳ್ಳಿ. ಕೆಲವು ಕಡೆ ಗ್ರಾಹಕರು ಕೇಳದೆಯೇ ಅದನ್ನು ಮೊದಲೇ ಬಿಡಿಸಿ ಕೊಡುವ ರೂಢಿ ಬೆಳೆದಿದೆ.